ಹಳೇ ವ್ಯಾಗನ್ ಆರ್‌ಗೆ ರಾಸ್‌ಬೆರಿ ಪೈ: ಬ್ಯಾಟರಿ ವೈರಿನಿಂದ ಶುರು ಮಾಡಿ

ಕಾರಿನೊಳಗೆ ಕಂಪ್ಯೂಟರ್ ಕೂರಿಸಬೇಕು ಅಂತ ಹೊರಟವರು ಮೊದಲು ಪರದೆ ಕೊಳ್ಳುತ್ತಾರೆ. ಆಮೇಲೆ ಸಾಫ್ಟ್‌ವೇರ್ ಹುಡುಕುತ್ತಾರೆ. ಕರೆಂಟಿನ ವಿಷಯ ಕೊನೆಗೆ ನೋಡಿಕೊಳ್ಳೋಣ ಅಂತ ಬಿಡುತ್ತಾರೆ. ನಾನು ಹೇಳುವುದು ಇದನ್ನು ತಿರುಗಿಸಿ ಅಂತ. ಪರದೆ ಮೇಲೆ ಏನು ಕಾಣಬೇಕು ಅನ್ನೋದನ್ನು ಮನೆಯಲ್ಲಿ ಕೂತು ಯಾವಾಗ ಬೇಕಾದರೂ ಬದಲಿಸಬಹುದು. ಕೀ ತಿರುಗಿಸಿದಾಗ ಹತ್ತಿ, ಕೀ ತೆಗೆದಾಗ ತಾನೇ ಅಚ್ಚುಕಟ್ಟಾಗಿ ಆರುವ ವ್ಯವಸ್ಥೆ ಇದೆಯಲ್ಲ, ಅದು ಡ್ಯಾಶ್‌ಬೋರ್ಡಿನ ಹಿಂದೆ ಸೇರಿಬಿಡುತ್ತದೆ, ಅದನ್ನು ಪದೇ ಪದೇ ಬಿಚ್ಚುವುದಕ್ಕೆ ಆಗುವುದಿಲ್ಲ. ಹಾಗಾಗಿ ಈ ಬರಹದಲ್ಲೂ ಅದಕ್ಕೇ ಜಾಸ್ತಿ ಜಾಗ.

ನಮ್ಮ ಮನೆಯ ಕಾರು ಹಳೇ ವ್ಯಾಗನ್ ಆರ್. ಅದರ ಸ್ಟೀರಿಯೋ ಕೆಟ್ಟು ಕೂತಿತ್ತು. ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಕಡೆ ಹೋದರೆ ಆಂಡ್ರಾಯ್ಡ್ ಸ್ಟೀರಿಯೋ ಬೇಕಾದಷ್ಟು ಸಿಗುತ್ತವೆ, ಅಂಗಡಿಯವರೇ ಕೂರಿಸಿಯೂ ಕೊಡುತ್ತಾರೆ, ಎಲ್ಲಾ ಲೆಕ್ಕ ಹಾಕಿದರೆ ನಾನು ಕಟ್ಟಿದ್ದಕ್ಕಿಂತ ಅಗ್ಗವೂ ಹೌದು. ಆದರೂ ನಾನೇ ಕಟ್ಟಿದ್ದಕ್ಕೆ ಕಾರಣ ಇದೆ. ಅಪ್ಪನಿಗೆ ಬೆಳಗ್ಗೆ ಎಪಿಎಂಸಿಗೆ ಹೋಗುವಾಗ ಚಿತ್ರದುರ್ಗ ಆಕಾಶವಾಣಿ 102.6 ಬೇಕು, ಅದೂ ಒಂದೇ ಬಟನ್ ಒತ್ತಿದರೆ ಬರಬೇಕು. ಅಮ್ಮನ ಪೆನ್‌ಡ್ರೈವ್‌ನಲ್ಲಿ ವಚನ, ಭಾವಗೀತೆ, ಹಳೇ ಸಿನಿಮಾ ಹಾಡು ಎಲ್ಲದರ ಹೆಸರೂ ಕನ್ನಡದಲ್ಲೇ ಇದೆ, ಪರದೆ ಮೇಲೂ ಹಾಗೇ ಕಾಣಬೇಕು. ನನಗೆ ಬೇಕಾಗಿದ್ದು ಬೇರೆ: ಏನಾದರೂ ಕೆಟ್ಟರೆ ಕೆಟ್ಟ ಭಾಗ ಯಾವುದು ಅಂತ ಗೊತ್ತಾಗಬೇಕು, ಅದೊಂದನ್ನೇ ಬದಲಿಸುವ ಹಾಗಿರಬೇಕು.

ಸಾಮಾನು ಇಷ್ಟು. ರಾಸ್‌ಬೆರಿ ಪೈ 4 (ಅಂಗೈಯಷ್ಟಗಲದ ಕಂಪ್ಯೂಟರ್, ಮುಂದೆ ಬರೀ ಪೈ), ಅದರದೇ 7 ಇಂಚಿನ ಟಚ್ ಪರದೆ, ಪಿಸಿಎಂ5102 ಚಿಪ್‌ನ ಸಣ್ಣ ಡ್ಯಾಕ್ (ಡಿಜಿಟಲ್ ಹಾಡನ್ನು ಶಬ್ದದ ಸಿಗ್ನಲ್ ಮಾಡುವ ಬೋರ್ಡ್), ಟಿಡಿಎ7388 ಆಂಪ್ಲಿಫೈಯರ್ ಬೋರ್ಡ್, ರೇಡಿಯೋಗೆ ಆರ್‌ಟಿಎಲ್ ಎಸ್‌ಡಿಆರ್ ಡಾಂಗಲ್, ಒಂದು ಜಿಪಿಎಸ್ ಮಾಡ್ಯೂಲ್, ಗಡಿಯಾರಕ್ಕೆ ಡಿಎಸ್3231, ಕರೆಂಟಿಗೆ 12 ವೋಲ್ಟನ್ನು 5ಕ್ಕೆ ಇಳಿಸುವ ಎಕ್ಸ್‌ಎಲ್4015 ಬಕ್ ಕನ್ವರ್ಟರ್, ಒಂದು ರಿಲೇ (ಕರೆಂಟ್ ಕೊಟ್ಟರೆ ತಾನೇ ಹತ್ತುವ ಸ್ವಿಚ್). ದೊಡ್ಡವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆ. ರೆಸಿಸ್ಟರ್, ಟ್ರಾನ್ಸಿಸ್ಟರ್, ಫ್ಯೂಸ್, ಸ್ಲೀವ್, ವೈರ್ ಎಲ್ಲಾ ಇಲ್ಲೇ ಸಿಕ್ಕವು.

ಮೊದಲ ಕೆಲಸ ಹಳೇ ಸ್ಟೀರಿಯೋ ಬಿಚ್ಚಿ ಹಿಂದಿನ ವೈರ್ ಗುರುತಿಸುವುದು. ಕಾರಿನ ಒಂದು ವೈರನ್ನೂ ಕತ್ತರಿಸಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಆಕ್ಸೆಸರೀಸ್ ಅಂಗಡಿಯಲ್ಲಿ ಕಪ್ಲರ್ ಅಂತ ಕೇಳಿದರೆ ನಿಮ್ಮ ಕಾರಿಗೆ ಹೊಂದುವ ಪ್ಲಗ್ ಕೊಡುತ್ತಾರೆ, ನಿಮ್ಮ ಬೆಸುಗೆ ಏನಿದ್ದರೂ ಅದರ ಇನ್ನೊಂದು ತುದಿಗೆ. ನಾಳೆ ಕಾರು ಮಾರಬೇಕಾದರೆ ಪ್ಲಗ್ ಕಿತ್ತು ಹಳೇ ಸ್ಟೀರಿಯೋ ಚುಚ್ಚಿದರೆ ಮುಗಿಯಿತು. ಕಪ್ಲರಿನಲ್ಲಿ ಬಣ್ಣಗಳಿಗೆ ಒಂದು ಪದ್ಧತಿ ಇದೆ. ಹಳದಿಯಲ್ಲಿ ಯಾವಾಗಲೂ 12 ವೋಲ್ಟ್, ಕೆಂಪಿನಲ್ಲಿ ಕೀ ತಿರುಗಿಸಿದಾಗ ಮಾತ್ರ, ಕಪ್ಪು ಅರ್ತ್, ನೀಲಿ ಆಂಟೆನಾಗೆ, ಕಿತ್ತಳೆ ಹೆಡ್‌ಲೈಟ್ ಹಾಕಿದಾಗ. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರ್‌ಗೆ.

ಆದರೆ ಬಣ್ಣ ನಂಬಿ ಕೆಲಸ ಮಾಡುವ ಹಾಗಿಲ್ಲ. ನಮ್ಮ ಕಡೆ ಕಾರಿನ ವೈರಿಂಗ್ ಮಾಡುವ ಹಿರಿಯರೊಬ್ಬರನ್ನು ಜೊತೆಗೆ ಕೂರಿಸಿಕೊಂಡಿದ್ದೆ. ‘ಅಣ್ಣಾ, ಇದು ಹಳದಿ, ಇದೇ ಬ್ಯಾಟರಿ ಲೈನ್ ಅಲ್ವಾ?’ ಅಂದೆ. ‘ಹಳದಿ ಇದ್ರೆ ಇರ್ಲಿ ಬಿಡಪ್ಪಾ, ಮೀಟ್ರು ಹಿಡಿ ಮೊದ್ಲು. ಹಿಂದೆ ಯಾರು ಎಲ್ಲಿ ಜಾಯಿಂಟ್ ಹೊಡ್ದಿದಾರೋ ಯಾರಿಗ್ಗೊತ್ತು?’ ಅಂದರು. ಮೀಟರ್ ಹಿಡಿದು ನೋಡಿದ್ದೇ ಒಳ್ಳೆಯದಾಯಿತು. ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಕೆಂಪು, ಹಳದಿ ಎರಡನ್ನೂ ಒಟ್ಟಿಗೆ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದ್ದರು, ಕೀ ತೆಗೆದ ಮೇಲೂ ಹಾಡು ಬರಲಿ ಅಂತ. ಬಿಸಿಲಿಗೆ ಟೇಪಿನ ಅಂಟು ಕರಗಿ ವೈರಿನ ಮೇಲೆಲ್ಲಾ ಹರಡಿತ್ತು. ಅದನ್ನು ಬಿಡಿಸಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಎರಡಕ್ಕೂ ಬೇರೆ ಬೇರೆ ಸ್ಲೀವ್ ಹಾಕಿದೆ. ಅವೆರಡೂ ಸೇರಿಕೊಂಡೇ ಇದ್ದರೆ ಕೀ ಇದೆಯೋ ಇಲ್ಲವೋ ಅಂತ ಪೈಗೆ ತಿಳಿಯುವ ದಾರಿಯೇ ಇರುತ್ತಿರಲಿಲ್ಲ.

ಇನ್ನು ಆ 12 ವೋಲ್ಟ್ ಬಗ್ಗೆ. ಹೆಸರಿಗೆ 12. ನಿಂತ ಕಾರಿನಲ್ಲಿ ಆರೋಗ್ಯವಾಗಿರುವ ಬ್ಯಾಟರಿ 12.6 ತೋರಿಸುತ್ತದೆ. ಇಂಜಿನ್ ಓಡುವಾಗ ಆಲ್ಟರ್ನೇಟರ್ (ಗ್ಯಾರೇಜಿನವರು ಡೈನಮೋ ಅನ್ನುವುದು ಇದಕ್ಕೇ) 13.8ರಿಂದ 14.4ರವರೆಗೆ ಕೊಡುತ್ತದೆ. ಸೆಲ್ಫ್ ಹೊಡೆದ ಕ್ಷಣ 9ಕ್ಕೆ ಕುಸಿಯುತ್ತದೆ, ಬ್ಯಾಟರಿ ಹಳೆಯದಾದರೆ ಇನ್ನೂ ಕೆಳಗೆ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಸಡಿಲಾಗಿ ಬಿಟ್ಟುಹೋದರೆ ಹತ್ತಾರು ವೋಲ್ಟ್ ಒಮ್ಮೆಲೇ ಚಿಮ್ಮುತ್ತದೆ. ಎಕ್ಸ್‌ಎಲ್4015 ತಡೆಯುವುದು 36 ವೋಲ್ಟ್‌ವರೆಗೆ ಮಾತ್ರ. ಹಾಗಾಗಿ 3 ಆಂಪ್ ಫ್ಯೂಸ್ ದಾಟಿದ ಕೂಡಲೇ ಅರ್ತಿಗೆ ಅಡ್ಡಲಾಗಿ 1.5ಕೆಇ18ಎ ಅನ್ನುವ ಟಿವಿಎಸ್ ಡಯೋಡ್ ಹಾಕಿದೆ. 15 ವೋಲ್ಟ್‌ವರೆಗೆ ಅದು ಸುಮ್ನೆ ಕೂತಿರುತ್ತದೆ, ವೋಲ್ಟೇಜ್ ಚಿಮ್ಮಿದರೆ 25ರ ಆಸುಪಾಸಿನಲ್ಲೇ ಕತ್ತು ಹಿಡಿದು ನಿಲ್ಲಿಸುತ್ತದೆ. ತುಂಬಾ ಹೊತ್ತು ಹಾಗೇ ಇದ್ದರೆ ಫ್ಯೂಸ್ ಹೋಗುತ್ತದೆ, ಪೈ ಉಳಿಯುತ್ತದೆ. ಕೆಲವೇ ರೂಪಾಯಿಯ ಸಾಮಾನು, ದಯವಿಟ್ಟು ಬಿಡಬೇಡಿ.

ಸಿಗರೇಟ್ ಲೈಟರ್ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ಅದರಿಂದಲೇ ಪೈ ಓಡಿಸಬಹುದಲ್ಲ ಅಂತ ತುಂಬಾ ಜನ ಕೇಳುತ್ತಾರೆ. ಲೆಕ್ಕ ನೋಡಿ. ಪೈಗೆ ವೋಲ್ಟೇಜ್ 4.63ಕ್ಕಿಂತ ಕೆಳಗೆ ಇಳಿದರೆ ಪರದೆ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ, ಪ್ರೊಸೆಸರ್ ನಿಧಾನ ಆಗುತ್ತದೆ. ಒಂದು ಮೀಟರ್ ಉದ್ದದ ಕೇಬಲ್ಲಿನೊಳಗೆ 28 ಗೇಜ್ ವೈರ್ ಇದ್ದರೆ ಹೋಗಿ ಬರುವ ದಾರಿ ಸೇರಿ ಸುಮಾರು 0.43 ಓಂ. ಅದರಲ್ಲಿ 1.5 ಆಂಪ್ ಹರಿದರೆ 0.64 ವೋಲ್ಟ್ ದಾರಿಯಲ್ಲೇ ಖರ್ಚು. 5 ಕೊಟ್ಟರೆ ಪೈಗೆ ಮುಟ್ಟುವುದು 4.36. ಚಾರ್ಜರ್ ಎಷ್ಟೇ ಒಳ್ಳೆಯದಾಗಿರಲಿ, ಈ ವೈರ್ ಇರುವವರೆಗೆ ಅದು ಸರಿ ಹೋಗುವುದಿಲ್ಲ. ಆದ್ದರಿಂದ ಉದ್ದ ಓಡುವ ವೈರಿನಲ್ಲಿ 12 ವೋಲ್ಟ್ ಇರಲಿ, ಬಕ್ ಕನ್ವರ್ಟರ್ ಪೈನ ಪಕ್ಕದಲ್ಲೇ ಇರಲಿ, 5 ವೋಲ್ಟ್ ಹರಿಯುವ ದಾರಿ ಗೇಣುದ್ದಕ್ಕಿಂತ ಕಡಿಮೆ ಇರಲಿ. ನನ್ನದರಲ್ಲಿ 5.1 ವೋಲ್ಟ್‌ಗೆ ತಿರುಗಿಸಿ, ಪ್ರಿಸೆಟ್ (ವೋಲ್ಟೇಜ್ ಹೊಂದಿಸುವ ಸ್ಕ್ರೂ) ಅಲ್ಲಾಡದಂತೆ ಒಂದು ಹನಿ ನೇಲ್ ಪಾಲಿಶ್ ಹಾಕಿದ್ದೇನೆ. ಪರೀಕ್ಷೆಗೆ ವಿಸಿಜೆನ್‌ಸಿಎಂಡಿ ಕಮ್ಯಾಂಡ್‌ಗೆ ಗೆಟ್ ಥ್ರಾಟಲ್ಡ್ ಅಂತ ಕೊಡಿ. ಸೊನ್ನೆ ಬಂದರೆ ಎಲ್ಲಾ ಸರಿ. 50005 ಬಂದರೆ ಈಗಲೂ ವೋಲ್ಟೇಜ್ ಸಾಲುತ್ತಿಲ್ಲ ಅಂತ, 50000 ಬಂದರೆ ಈಗ ಸರಿ ಇದೆ, ಹತ್ತಿದ ಮೇಲೆ ಯಾವಾಗಲೋ ಕುಸಿದಿತ್ತು ಅಂತ. ಸೆಲ್ಫ್ ಹೊಡೆದಾದ ಮೇಲೆ ಇದನ್ನು ನೋಡುವುದು ಮುಖ್ಯ.

ಈಗ ಕೀ ವಿಷಯ. ಪೈಯನ್ನು ಕೆಂಪು ವೈರಿಗೆ ನೇರ ಕೊಟ್ಟರೆ ಕೀ ತೆಗೆದ ಕೂಡಲೇ ಕರೆಂಟ್ ಹೋಗುತ್ತದೆ, ಎಸ್‌ಡಿ ಕಾರ್ಡ್ ಬರೆಯುತ್ತಿರುವಾಗ ಹಾಗಾದರೆ ಫೈಲ್ ಸಿಸ್ಟಂ ಕೆಡುತ್ತದೆ. ಹಳದಿಗೆ ನೇರ ಕೊಟ್ಟರೆ ಪೈ ಆರುವುದೇ ಇಲ್ಲ. ಪೈ, ಪರದೆ ಸೇರಿ 12 ವೋಲ್ಟ್ ಕಡೆಯಿಂದ ಹೆಚ್ಚುಕಡಿಮೆ 0.7 ಆಂಪ್ ಎಳೆಯುತ್ತದೆ. ಒಂದು ದಿನಕ್ಕೆ 17 ಆಂಪ್ ಅವರ್ ಹತ್ತಿರ ಆಯಿತು. ಚಿಕ್ಕ ಕಾರಿನ ಬ್ಯಾಟರಿ 35 ಆಂಪ್ ಅವರ್. ಎರಡು ದಿನ ಕಾರು ತೆಗೆಯದಿದ್ದರೆ ತಳ್ಳಿಯೇ ಸ್ಟಾರ್ಟ್ ಮಾಡಬೇಕು.

ಹಾಗಾಗಿ ಪೈಗೆ ಕರೆಂಟ್ ಹಳದಿಯಿಂದ, ಆದರೆ ರಿಲೇ ಮೂಲಕ. ರಿಲೇ ಕಾಯಿಲ್‌ನ ಒಂದು ತುದಿ ಫ್ಯೂಸ್ ದಾಟಿದ 12 ವೋಲ್ಟ್‌ಗೆ. ಇನ್ನೊಂದು ತುದಿಯನ್ನು ಅರ್ತಿಗೆ ಎಳೆಯಲು ಎರಡು ಬಿಸಿ547 ಟ್ರಾನ್ಸಿಸ್ಟರ್. ಒಂದರ ಬೇಸ್‌ಗೆ ಕೆಂಪು ವೈರಿನಿಂದ 4.7 ಕಿಲೋ ಓಂ, ಇನ್ನೊಂದರ ಬೇಸ್‌ಗೆ ಪೈನ 26ನೇ ಜಿಪಿಐಓದಿಂದ (ಪ್ರೋಗ್ರಾಂನಿಂದ ನಿಯಂತ್ರಿಸಬಹುದಾದ ಪಿನ್) 1 ಕಿಲೋ ಓಂ. ಬಾಗಿಲನ್ನು ಇಬ್ಬರು ಹಿಡಿದುಕೊಂಡ ಹಾಗೆ: ಒಬ್ಬರು ಬಿಟ್ಟರೂ ಇನ್ನೊಬ್ಬರು ಹಿಡಿದಿರುತ್ತಾರೆ. ಕೀ ತಿರುಗಿಸಿದರೆ ಮೊದಲನೆಯದು ರಿಲೇ ಎಳೆಯುತ್ತದೆ, ಪೈ ಏಳುತ್ತದೆ, ಎದ್ದ ತಕ್ಷಣ 26ನೇ ಪಿನ್ ಮೇಲೆತ್ತಿ (ಅಂದರೆ ಅದಕ್ಕೆ ವೋಲ್ಟೇಜ್ ಕೊಟ್ಟು) ತಾನೂ ಹಿಡಿದುಕೊಳ್ಳುತ್ತದೆ. ಕೀ ತೆಗೆದಾಗ ಮೊದಲನೆಯದು ಬಿಡುತ್ತದೆ, ಪೈ ಇನ್ನೂ ಹಿಡಿದಿರುತ್ತದೆ. ತನ್ನ ಕೆಲಸ ಮುಗಿಸಿ ಶಟ್‌ಡೌನ್ ಆಗುವ ಕಟ್ಟಕಡೆಗೆ ಆ ಪಿನ್ ಇಳಿಸುತ್ತದೆ, ರಿಲೇ ಟಕ್ ಅಂತ ಬಿಡುತ್ತದೆ. ಅಲ್ಲಿಂದ ಮುಂದೆ ಬ್ಯಾಟರಿಯಿಂದ ಪೈ ಎಳೆಯುವುದು ಏನೂ ಇಲ್ಲ. ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಮರೆಯಬೇಡಿ, ಇಲ್ಲದಿದ್ದರೆ ರಿಲೇ ಬಿಟ್ಟಾಗಲೆಲ್ಲಾ ಟ್ರಾನ್ಸಿಸ್ಟರ್‌ಗೆ ಏಟು.

ಪಿನ್ ಆಯ್ಕೆಗೂ ಕಾರಣ ಇದೆ. ಪೈನಲ್ಲಿ 0ಯಿಂದ 8ರವರೆಗಿನ ಜಿಪಿಐಓಗಳು ಶುರುವಿನಲ್ಲೇ ಮೇಲಕ್ಕೆ ಎಳೆದಿರುತ್ತವೆ, 9ರಿಂದ ಮುಂದಿನವು ಕೆಳಕ್ಕೆ. ರಿಲೇ ಹಿಡಿಯುವ ಪಿನ್ ಕೆಳಗಿರಬೇಕು. ಅದನ್ನು ಮೇಲೆತ್ತುವುದನ್ನು ಯಾವ ಸ್ಕ್ರಿಪ್ಟ್‌ಗೂ ಬಿಡದೆ ಕಾನ್ಫಿಗ್ ಫೈಲಿನಲ್ಲೇ ಬರೆದಿದ್ದೇನೆ, ಲಿನಕ್ಸ್ ಏಳುವ ಮೊದಲೇ ಫರ್ಮ್‌ವೇರ್ ಆ ಕೆಲಸ ಮುಗಿಸುತ್ತದೆ. ಇಳಿಸುವುದಕ್ಕೆ ಜಿಪಿಐಓ ಪವರ್ ಆಫ್ ಅನ್ನುವ ಸಿದ್ಧ ಓವರ್‌ಲೇ (ಕಾನ್ಫಿಗ್ ಫೈಲಿನಲ್ಲಿ ಹೆಸರು ಬರೆದರೆ ಸೇರಿಕೊಳ್ಳುವ ಸೆಟ್ಟಿಂಗ್) ಇದೆ, ಅದರಲ್ಲಿ ಆಕ್ಟಿವ್ ಲೋ, ಅಂದರೆ ಆರುವಾಗ ಪಿನ್ ಇಳಿಸು, ಅಂತ ಹೇಳಬೇಕು.

ಕೀ ಇದೆಯೋ ಇಲ್ಲವೋ ಅಂತ ಪೈಗೆ ತಿಳಿಸಲು ಕೆಂಪು ವೈರಿನಿಂದ 2.2 ಕಿಲೋ ಓಂ ಮೂಲಕ ಪಿಸಿ817 ಆಪ್ಟೋಕಪ್ಲರ್ (ವೈರ್ ಇಲ್ಲದೆ ಬೆಳಕಿನಿಂದ ಸಂಕೇತ ದಾಟಿಸುವ ಚಿಪ್), ಅದರ ಇನ್ನೊಂದು ಕಡೆ 17ನೇ ಪಿನ್. ಕಾರಿನ ಕರೆಂಟ್ ಪೈನ ಪಿನ್ ಮುಟ್ಟುವುದೇ ಇಲ್ಲ. ಇಲ್ಲಿ ಒಂದು ಸೂಕ್ಷ್ಮ ಇದೆ. ಸೆಲ್ಫ್ ಹೊಡೆಯುವಾಗ ಕಾರು ತಾನೇ ಕೆಂಪು ವೈರನ್ನು ಒಂದೆರಡು ಸೆಕೆಂಡ್ ಕತ್ತರಿಸುತ್ತದೆ, ಇರುವ ಶಕ್ತಿ ಎಲ್ಲಾ ಸ್ಟಾರ್ಟರ್‌ಗೆ ಸಿಗಲಿ ಅಂತ. ಅದನ್ನೇ ಕೀ ತೆಗೆದರು ಅಂತ ತಿಳಿದು ಪೈ ಮಲಗಲು ಹೊರಟರೆ ಕಷ್ಟ. ಅದಕ್ಕೆ ನನ್ನ ಸ್ಕ್ರಿಪ್ಟ್ ಕೆಂಪು ಹೋದ ಮೇಲೆ 3 ನಿಮಿಷ ಕಾಯುತ್ತದೆ. ಪರದೆ ತಕ್ಷಣ ಆರುತ್ತದೆ, ಆಂಪ್ಲಿಫೈಯರಿನ ಸ್ಟ್ಯಾಂಡ್‌ಬೈ ಪಿನ್ ಕೆಂಪಿಗೇ ಕಟ್ಟಿರುವುದರಿಂದ ಶಬ್ದವೂ ನಿಲ್ಲುತ್ತದೆ, ಪೈ ಮಾತ್ರ ಎದ್ದಿರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕೀ ತೆಗೆದು ಹಾಕಿದರೆ ಹಾಡು ನಿಂತಲ್ಲಿಂದಲೇ ಮುಂದುವರಿಯುತ್ತದೆ. ಸರಿಯಾಗಿ ಶಟ್‌ಡೌನ್ ಶುರುವಾದ ಆ ಗಳಿಗೆಯಲ್ಲೇ ಕೀ ಹಾಕಿದರೆ ಮಾತ್ರ ಪೈ ಮಲಗಿದ್ದು ಮಲಗಿದ ಹಾಗೇ ಇರುತ್ತದೆ, ಕೀ ಒಮ್ಮೆ ಪೂರ್ತಿ ತೆಗೆದು ಹಾಕಬೇಕು. ಅಪ್ಪನಿಗೆ ಅಷ್ಟು ಹೇಳಿಕೊಟ್ಟಿದ್ದೇನೆ.

ಇಷ್ಟಾದರೂ ಫ್ಯೂಸ್ ಹೋಗಬಹುದು, ಮೆಕ್ಯಾನಿಕ್ ಬ್ಯಾಟರಿ ಕಳಚಬಹುದು. ಹಾಗಾಗಿ ಪೈನ ಸೆಟ್ಟಿಂಗ್ ಪ್ರೋಗ್ರಾಂ ಆದ ರಾಸ್ಪಿ ಕಾನ್ಫಿಗ್‌ನಲ್ಲಿರುವ ಓವರ್‌ಲೇ ಫೈಲ್ ಸಿಸ್ಟಂ ಹಾಕಿ ಕಾರ್ಡನ್ನು ಓದುವುದಕ್ಕೆ ಮಾತ್ರ ಅಂತ ಮಾಡಿಟ್ಟಿದ್ದೇನೆ. ಬರೆಯುವುದೆಲ್ಲಾ ರ‍್ಯಾಮ್‌ನಲ್ಲಿ, ಆರಿದರೆ ಹೋಯಿತು. ಹಾಡಿನ ಪೆನ್‌ಡ್ರೈವ್ ಕೂಡ ಓದಲಿಕ್ಕೆ ಮಾತ್ರ. ಇದರಿಂದ ಒಂದು ಅಡ್ಡ ಪರಿಣಾಮ ಇದೆ: ಪೈ 4ರಲ್ಲಿ ಗಡಿಯಾರದ ಚಿಪ್ ಇಲ್ಲ, ಕೊನೆಯ ಸಮಯವನ್ನು ಕಾರ್ಡಿನಲ್ಲಿ ಬರೆದಿಡೋಣ ಅಂದರೆ ಕಾರ್ಡ್ ಬೀಗ ಹಾಕಿದೆ, ಹಾಗಾಗಿ ಪ್ರತಿ ಸಲ ಎದ್ದಾಗಲೂ ಅದೇ ಹಳೇ ದಿನಾಂಕ. ಡಿಎಸ್3231 ಹಾಕಿದ್ದು ಇದಕ್ಕೇ. ಆ ಮಾಡ್ಯೂಲ್‌ಗಳಲ್ಲಿ ಕೆಲವಕ್ಕೆ ಸೆಲ್ ಚಾರ್ಜ್ ಮಾಡುವ ಸರ್ಕಿಟ್ ಇರುತ್ತದೆ. ಮಾಮೂಲಿ ಸಿಆರ್2032 ಸೆಲ್ ಚಾರ್ಜ್ ಮಾಡುವಂಥದ್ದಲ್ಲ. ಆ ಪುಟ್ಟ ರೆಸಿಸ್ಟರ್ ಕಿತ್ತುಬಿಡಿ, ಬಿಸಿಲಿನಲ್ಲಿ ನಿಲ್ಲುವ ಕಾರು ಇದು.

ಪರದೆ ಕೂರಿಸುವುದು ಬಡಗಿಯ ಕೆಲಸದಷ್ಟೇ ತಾಳ್ಮೆ ಬೇಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಯೋಗೆ ಬಿಡುವ ಡಬಲ್ ಡಿನ್ ಜಾಗ 180 ಮಿ.ಮೀ. ಅಗಲ, 100 ಮಿ.ಮೀ. ಎತ್ತರ. ಪೈನ 7 ಇಂಚಿನ ಪರದೆ ಅಂಚು ಸೇರಿ 194ಕ್ಕೆ 110. ಅಂದರೆ ಒಳಗೆ ಹೋಗುವುದೇ ಇಲ್ಲ. ಚಿತ್ರ ಕಾಣುವ ಭಾಗ ಮಾತ್ರ 155ಕ್ಕೆ 86. ಹಾಗಾಗಿ ಪರದೆಯನ್ನು ಜಾಗದ ಮುಂದೆ ಕೂರಿಸಿ ಸುತ್ತ ಒಂದು ಚೌಕಟ್ಟು ಮಾಡಬೇಕು. ಮೊದಲು ಮದುವೆ ಕಾರ್ಡಿನ ರಟ್ಟು ಕತ್ತರಿಸಿ ಡ್ಯಾಶ್‌ಬೋರ್ಡಿಗೆ ಹಿಡಿದು ನೋಡಿದೆ, ಎಸಿ ಗುಬ್ಬಿಗೆ ಕೈ ತಾಗದ ಹಾಗೆ ಕೆಳ ಅಂಚು ಸ್ವಲ್ಪ ಸವರಿದೆ, ಆಮೇಲೆ ಅದೇ ಅಳತೆಯನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದು ನೇಮ್‌ಪ್ಲೇಟ್ ಮಾಡುವ ಅಂಗಡಿಯಲ್ಲಿ ಕೊಟ್ಟೆ. 3 ಮಿ.ಮೀ. ಕಪ್ಪು ಅಕ್ರಿಲಿಕ್ ಮೇಲೆ ಲೇಸರ್ ಕಟಿಂಗ್. ಅಂಗಡಿಯ ಹುಡುಗ ಮೂಲೆ ಚೂಪಾಗಿ ಬಿಟ್ಟರೆ ಅಲ್ಲಿಂದಲೇ ಬಿರುಕು ಬಿಡುತ್ತದೆ ಸರ್ ಅಂತ ಹೇಳಿ ಒಳಮೂಲೆಗಳನ್ನು ದುಂಡಗೆ ಮಾಡಿಕೊಟ್ಟ. ಒಳ್ಳೆಯ ಸಲಹೆ. ಹೊಳಪು ಕಪ್ಪು ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಅದಕ್ಕೆ 400 ನಂಬರಿನ ನೀರು ಪಾಲಿಶ್ ಪೇಪರಿನಲ್ಲಿ ಒಂದೇ ದಿಕ್ಕಿಗೆ ಉಜ್ಜಿದೆ. ಈಗ ಮಂಕು ಕಪ್ಪು, ಡ್ಯಾಶ್‌ಬೋರ್ಡಿನ ಬಣ್ಣಕ್ಕೇ ಹೊಂದಿದೆ.

3ಡಿ ಪ್ರಿಂಟ್ ಮಾಡಿಸಬಹುದಿತ್ತು, ಆದರೆ ಸಾಮಾನ್ಯವಾಗಿ ಸಿಗುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಅಷ್ಟು ಕಾಯುವುದು ಏನು ಕಷ್ಟ? ಗ್ಲೂ ಗನ್ನಿನ ಅಂಟಿಗೂ ಇದೇ ಗತಿ. ನಾನು ಎಲ್ಲದಕ್ಕೂ ಎಂ3 ಸ್ಕ್ರೂ ಹಾಕಿದ್ದೇನೆ, ಅಂಟು ಬೇಕಾದ ಒಂದೇ ಕಡೆ ಅರಾಲ್ಡೈಟ್.

ಪೈ ಕೂಡ ಹೆಚ್ಚು ಬಿಸಿ ತಡೆಯುವುದಿಲ್ಲ. ಸುತ್ತಲ ಗಾಳಿ 50 ಡಿಗ್ರಿವರೆಗೆ ಅಂತ ತಯಾರಿಸಿದವರೇ ಹೇಳುತ್ತಾರೆ, ಪ್ರೊಸೆಸರ್ 80 ಮುಟ್ಟಿದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಪರದೆಯ ರಿಬ್ಬನ್ ಕೇಬಲ್ ಚಿಕ್ಕದು, ಹಾಗಾಗಿ ಪೈ ಪರದೆ ಬೆನ್ನಿಗೇ ಇರಬೇಕು, ದೂರ ಇಡುವ ಹಾಗಿಲ್ಲ. ಅದಕ್ಕೆ ಅಲ್ಯೂಮಿನಿಯಂ ಹೀಟ್‌ಸಿಂಕ್, ಒಂದು ಸಣ್ಣ ಫ್ಯಾನ್, ಮತ್ತು ಆಂಪ್ಲಿಫೈಯರನ್ನು ಅಲ್ಲಿಂದ ಹೊರಗೆ ತೆಗೆದು ಗ್ಲೋವ್ ಬಾಕ್ಸ್ ಹಿಂದೆ ಕಬ್ಬಿಣದ ಪಟ್ಟಿಗೆ ಬೋಲ್ಟ್ ಮಾಡಿದ್ದೇನೆ. ಎರಡು ಬಿಸಿ ವಸ್ತು ಒಂದೇ ಗೂಡಿನಲ್ಲಿ ಬೇಡ.

ಆಂಪ್ಲಿಫೈಯರ್ ಬಗ್ಗೆ ಒಂದೇ ಎಚ್ಚರಿಕೆ. ಟಿಡಿಎ7388 ಸ್ಪೀಕರಿನ ಎರಡೂ ವೈರುಗಳನ್ನು ಓಡಿಸುತ್ತದೆ, ಅದರಲ್ಲಿ ಮೈನಸ್ ಅಂತ ಬರೆದದ್ದು ಅರ್ತ್ ಅಲ್ಲ. ಅದನ್ನು ಬಾಡಿಗೆ ಮುಟ್ಟಿಸಬಾರದು, ಎರಡು ಸ್ಪೀಕರಿನ ಮೈನಸ್ ಒಟ್ಟು ಕಟ್ಟಬಾರದು. ಇದಕ್ಕೆ ಬೇರೆಯೇ 10 ಆಂಪ್ ಫ್ಯೂಸ್.

ಶಬ್ದ ಬಂತು, ಜೊತೆಗೆ ಕುಯ್ಯ್ ಅನ್ನುವ ಸದ್ದೂ ಬಂತು. ಆಕ್ಸಿಲರೇಟರ್ ಒತ್ತಿದರೆ ಸ್ವರ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಆಲ್ಟರ್ನೇಟರಿನದು. ಹುಡುಕುವ ಕ್ರಮ ಹೀಗೆ: ಡ್ಯಾಕ್‌ನಿಂದ ಆಂಪ್ಲಿಫೈಯರಿಗೆ ಬರುವ ಆಡಿಯೋ ವೈರ್ ಕಿತ್ತು ಕೇಳಿ. ಆಗಲೂ ಸದ್ದು ಇದ್ದರೆ ಆಂಪ್ಲಿಫೈಯರಿನ ಕರೆಂಟ್ ಲೈನಿನಲ್ಲಿ ತೊಂದರೆ. ಸದ್ದು ಹೋದರೆ ಗ್ರೌಂಡ್ ಲೂಪ್. ನನ್ನದು ಎರಡನೆಯದು. ಪೈನ ಅರ್ತ್ ಕಪ್ಲರಿನ ಕಪ್ಪು ವೈರಿನಲ್ಲಿತ್ತು, ಆಂಪ್ಲಿಫೈಯರಿನದು ಅದನ್ನು ಬಿಗಿದ ಕಬ್ಬಿಣದ ಪಟ್ಟಿಯಲ್ಲಿ. ಬಾಡಿಯ ಎರಡು ಜಾಗದ ನಡುವೆ ಕೆಲವು ಮಿಲಿವೋಲ್ಟ್ ವ್ಯತ್ಯಾಸ ಇದ್ದರೂ ಆಡಿಯೋ ವೈರಿನ ಶೀಲ್ಡ್ ಮೂಲಕ ಅದು ಹರಿಯುತ್ತದೆ, ಸ್ಪೀಕರಿನಲ್ಲಿ ಕೇಳುತ್ತದೆ. ಎರಡೂ ಅರ್ತನ್ನು ಡ್ಯಾಶ್ ಹಿಂದಿನ ಒಂದೇ ಬೋಲ್ಟಿಗೆ, ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ರಿಂಗ್ ಲಗ್ ಹಾಕಿ ಬಿಗಿದೆ. ಆಂಪ್ಲಿಫೈಯರ್ ಬೋರ್ಡ್ ಮತ್ತು ಪಟ್ಟಿಯ ನಡುವೆ ನೈಲಾನ್ ವಾಷರ್. ಸದ್ದು ನಿಂತಿತು. ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಣ್ಣ ಟ್ರಾನ್ಸ್‌ಫಾರ್ಮರ್ ಡಬ್ಬಿ ಸಿಗುತ್ತದೆ, ಅದೂ ಸದ್ದು ತೆಗೆಯುತ್ತದೆ, ಆದರೆ ಅಗ್ಗದ್ದಾದರೆ ತಬಲಾ, ಮೃದಂಗದ ದಪ್ಪ ಸ್ವರವನ್ನೂ ತಿನ್ನುತ್ತದೆ. ಮೊದಲು ಬೋಲ್ಟ್ ಬಿಗಿಯಿರಿ.

ಪೈನ ಸ್ವಂತ ಹೆಡ್‌ಫೋನ್ ಜಾಕ್ ಬಳಸಿಲ್ಲ. ಡ್ಯಾಕ್‌ಗೆ ಹೋಲಿಸಿದರೆ ಅದರ ಶಬ್ದ ತೆಳು. ಡ್ಯಾಕ್ 18, 19, 21ನೇ ಜಿಪಿಐಓ ಬಳಸುತ್ತದೆ, ಬೇರೆ ಕೆಲಸಕ್ಕೆ ಅವನ್ನು ಮುಟ್ಟಬೇಡಿ.

ಎಫ್‌ಎಂಗೆ ಬೇರೆ ಚಿಪ್‌ಗಳೂ ಇವೆ. ಆದರೆ ಅವುಗಳ ಶಬ್ದ ಅನಲಾಗ್ ಆಗಿ ಬರುತ್ತದೆ, ಅದನ್ನು ಹಾಡಿನ ಜೊತೆ ಸೇರಿಸಲು ಮತ್ತೊಂದು ಮಿಕ್ಸರ್ ಬೇಕು. ಎಸ್‌ಡಿಆರ್ ಡಾಂಗಲ್ ಆದರೆ ಯುಎಸ್‌ಬಿ ಮೂಲಕ ಬಂದು ಅದೇ ಡ್ಯಾಕ್‌ನಿಂದ ಹೊರಡುತ್ತದೆ, ವಾಲ್ಯೂಮ್ ಒಂದೇ. ಶುರುವಿನಲ್ಲಿ 102.6 ಬರೀ ಗೊರಗೊರ. ಕಾರಣ ಆಂಟೆನಾದ ಬುಡದಲ್ಲಿರುವ ಬೂಸ್ಟರ್‌ಗೆ 12 ವೋಲ್ಟ್ ಹೋಗಿರಲಿಲ್ಲ, ನೀಲಿ ವೈರಿಗೆ ಕೊಟ್ಟ ಮೇಲೆ ನಿಲಯ ಸ್ಪಷ್ಟ. ಆದರೂ ಉದ್ಘೋಷಕರ ಧ್ವನಿ ಕಂಬಳಿ ಹೊದ್ದಂತೆ ಮಂಕು. ಇದಕ್ಕೆ ಕಾರಣ ಹುಡುಕಿದ್ದು ನನಗೆ ಈ ಇಡೀ ಕೆಲಸದಲ್ಲೇ ಹೆಚ್ಚು ಖುಷಿ ಕೊಟ್ಟ ಭಾಗ. ಎಫ್‌ಎಂ ಪ್ರಸಾರದಲ್ಲಿ ಕೀಚಲು ಸ್ವರಗಳನ್ನು ಬೇಕಂತಲೇ ಎತ್ತಿ ಕಳಿಸುತ್ತಾರೆ, ರೇಡಿಯೋ ಅದನ್ನು ಅಷ್ಟೇ ಇಳಿಸಬೇಕು. ಎಷ್ಟು ಅನ್ನುವುದಕ್ಕೆ ಅಮೆರಿಕದಲ್ಲಿ 75 ಮೈಕ್ರೋಸೆಕೆಂಡ್, ನಮ್ಮಲ್ಲಿ 50. ಡಾಂಗಲ್‌ನಿಂದ ಎಫ್‌ಎಂ ಕೇಳಿಸುವ ಆರ್‌ಟಿಎಲ್ ಎಫ್‌ಎಂ ತಂತ್ರಾಂಶದೊಳಗೆ 75 ಅಂತಲೇ ಬರೆದಿಟ್ಟಿದ್ದಾರೆ. ಮೂಲ ಕೋಡ್ ತೆರೆದು ಆ ಅಂಕಿ 50 ಮಾಡಿ ಮತ್ತೆ ಕಂಪೈಲ್ ಮಾಡಿದರೆ ಸ, ಶ, ಚ ಎಲ್ಲಾ ಬಿಡಿಬಿಡಿಯಾಗಿ ಕೇಳುತ್ತವೆ. ಅಪ್ಪನಿಗೆ ಹೇಳದೆಯೇ ಬದಲಿಸಿದ್ದೆ. ‘ಈಗ ನೋಡಪ್ಪಾ ವಾರ್ತೆ ಸರಿಯಾಗಿ ಕೇಳ್ತದೆ’ ಅಂದರು.

ಇನ್ನು ಕನ್ನಡ. ಫಾಂಟ್ ಹಾಕದ ಪೈನಲ್ಲಿ ಕನ್ನಡದ ಹೆಸರುಗಳೆಲ್ಲಾ ಖಾಲಿ ಚೌಕ. ಪೈನ ಲಿನಕ್ಸ್‌ಗೆ ಆಧಾರವಾದ ಡೆಬಿಯನ್‌ನ ಕನ್ನಡ ಫಾಂಟ್ ಪ್ಯಾಕೇಜ್ ಹಾಕಿದರೆ ಲೋಹಿತ್, ಗುಬ್ಬಿ, ನವಿಲು ಸಿಗುತ್ತವೆ. ಆದರೆ ಫಾಂಟ್ ಇದ್ದರೆ ಸಾಲದು. ಪರದೆಯ ಪ್ರೋಗ್ರಾಂ ಬರೆಯಲು ಆಯ್ಕೆ ಮಾಡುವ ಲೈಬ್ರರಿಗೆ ಒತ್ತಕ್ಷರ ಕಟ್ಟಲು ಬರಬೇಕು. ಪರೀಕ್ಷೆಗೆ ಚಿತ್ರದುರ್ಗ ಅನ್ನುವ ಹೆಸರು ಸಾಕು, ಅದರಲ್ಲಿ ಒತ್ತೂ ಇದೆ, ಅರ್ಕಾವತ್ತೂ ಇದೆ. ಬರದ ಲೈಬ್ರರಿ ಅದನ್ನು ‘ಚಿತ್‌ರದುರ್‌ಗ’ ಅಂತ ಬಿಡಿಸಿ ಹಾಕುತ್ತದೆ. ಆಟ ಬರೆಯಲು ಬಳಸುವ ಹಗುರ ಲೈಬ್ರರಿಗಳಲ್ಲಿ ಹಲವಕ್ಕೆ ಈ ಕೊರತೆ ಇದೆ. ಕ್ಯೂಟಿ ಅನ್ನುವ ಲೈಬ್ರರಿಯೊಳಗೆ ಒತ್ತಕ್ಷರ ಕಟ್ಟುವ ಹಾರ್ಫ್‌ಬಜ್ ಇದೆ, ಅದರಲ್ಲಿ ಸರಿಯಾಗಿ ಬಂತು, ಹಾಗಾಗಿ ಎಲ್ಲಾ ಪರದೆಗಳನ್ನೂ ಕ್ಯೂಟಿಯಲ್ಲೇ ಬರೆದೆ. ಹಿಂದೆ ಹಾಡು ನುಡಿಸುವುದು ಎಂಪಿಡಿ, ಬ್ಲೂಟೂತ್‌ಗೆ ಬ್ಲೂಝಡ್. ಹೊಸದಾಗಿ ಶುರು ಮಾಡುವವರು ಭಾಷೆಯ ಪರೀಕ್ಷೆಯನ್ನು ಮೊದಲ ದಿನವೇ ಮಾಡಿ. ಎಲ್ಲಾ ಬರೆದ ಮೇಲೆ ಕನ್ನಡ ಸೇರಿಸೋಣ ಅಂದರೆ ಅರ್ಧ ಮನೆ ಕೆಡವಬೇಕು.

ರಾತ್ರಿ ಪರದೆ ಕಣ್ಣಿಗೆ ಹೊಡೆಯಬಾರದು. ಕಿತ್ತಳೆ ವೈರಿಗೆ ಇನ್ನೊಂದು ಪಿಸಿ817 ಹಾಕಿ, ಹೆಡ್‌ಲೈಟ್ ಹತ್ತಿದರೆ ಬೆಳಕು ತಾನೇ ಇಳಿಯುವಂತೆ ಮಾಡಿದೆ.

ಹಿಂದಿನ ಕ್ಯಾಮೆರಾ ಹಾಕಿದ್ದೇನೆ, ರಿವರ್ಸ್ ಲೈಟಿನ ವೈರ್ ನೋಡಿ ತೆರೆಯುತ್ತದೆ. ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ ಅಂತ ಗಟ್ಟಿಯಾಗಿ ಹೇಳುತ್ತೇನೆ. ಬೇಡದ ಸೇವೆಗಳನ್ನೆಲ್ಲಾ ನಿಲ್ಲಿಸಿದ ಮೇಲೂ ಪೈ ಏಳಲು ಸ್ವಲ್ಪ ಹೊತ್ತು ಬೇಕು. ಬೆಳಗ್ಗೆ ಗಡಿಬಿಡಿಯಲ್ಲಿ ಸ್ಟಾರ್ಟ್ ಮಾಡಿ ತಕ್ಷಣ ಹಿಂದೆ ತೆಗೆದರೆ ಚಿತ್ರ ಇನ್ನೂ ಬಂದಿರುವುದಿಲ್ಲ. ಯುಎಸ್‌ಬಿ ಕ್ಯಾಪ್ಚರ್ ಮೂಲಕ ಬರುವ ಚಿತ್ರ ಒಂದು ಗಳಿಗೆ ಹಿಂದೆಯೂ ಇರುತ್ತದೆ. ಓಣಿಯಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಕತ್ತು ತಿರುಗಿಸಿ ನೋಡಿಯೇ ಹಿಂದೆ ಬನ್ನಿ. ಪೈಗೆ ಸಂಬಂಧವಿಲ್ಲದ ಬೀಪ್ ಸೆನ್ಸರ್ ಬೇರೆಯೇ ಇರಲಿ. ಅದೇ ರೀತಿ ಈ ಪರದೆಯಲ್ಲಿ ವಿಡಿಯೋ ಇಲ್ಲ, ಹಾಕುವುದೂ ಇಲ್ಲ.

ಜಿಪಿಎಸ್ ಆಂಟೆನಾ ಮುಂದಿನ ಗಾಜಿನ ಕೆಳಗೆ. ಮ್ಯಾಪ್‌ಗೆ ಓಪನ್ ಸ್ಟ್ರೀಟ್ ಮ್ಯಾಪ್ ಇಳಿಸಿಕೊಂಡು ನ್ಯಾವಿಟ್‌ನಲ್ಲಿ, ಇಂಟರ್ನೆಟ್ ಬೇಡ. ಹೈವೇ 48ರಲ್ಲಿ ಭರಮಸಾಗರ ದಾಟಿ ಚಿತ್ರದುರ್ಗದವರೆಗೆ ಚೆನ್ನಾಗಿ ತೋರಿಸಿತು, ಸೂಳೆಕೆರೆ ಕಡೆಯ ಹಳ್ಳಿ ರಸ್ತೆಗಳಲ್ಲಿ ಕೆಲವು ಇರಲಿಲ್ಲ, ಅವನ್ನು ಜಿಪಿಎಸ್ ಜಾಡಿನಿಂದ ನಾನೇ ಮ್ಯಾಪಿಗೆ ಸೇರಿಸುತ್ತಿದ್ದೇನೆ. ಇಂಜಿನ್ ಬಿಸಿ ನೋಡಲು ಓಬಿಡಿ ಪೋರ್ಟ್‌ಗೆ (ಇಂಜಿನ್ ಕಂಪ್ಯೂಟರಿನ ಮಾಹಿತಿ ಓದುವ ಸಾಕೆಟ್) ಇಎಲ್‌ಎಂ327 ಅಡಾಪ್ಟರ್. 05 ಅಂತ ಕೇಳಿದರೆ ಒಂದು ಅಂಕಿ ಬರುತ್ತದೆ, ಅದರಿಂದ 40 ಕಳೆದರೆ ಕೂಲೆಂಟಿನ ಡಿಗ್ರಿ. ಆ ಪೋರ್ಟಿನ 16ನೇ ಪಿನ್‌ನಲ್ಲಿ ಯಾವಾಗಲೂ ಕರೆಂಟ್ ಇರುತ್ತದೆ, ಹಾಗಾಗಿ ಅದನ್ನು ದಿನಗಟ್ಟಲೆ ಚುಚ್ಚಿಡುವುದು ಬೇಡ.

ಅದೇ ಹಳ್ಳಿ ರಸ್ತೆಗಳಲ್ಲಿ ಎರಡು ವಿಷಯ ಹೊರಬಿದ್ದವು. ಒಂದು, ಗುಂಡಿಗೆ ಗಾಲಿ ಬಿದ್ದಾಗ ಪರದೆ ಒಂದು ಕ್ಷಣ ಬೆಳ್ಳಗಾಗುತ್ತಿತ್ತು. ರಿಬ್ಬನ್ ಕೇಬಲ್ಲಿನ ಹಿಡಿ ಸಡಿಲಾಗಿತ್ತು, ಒತ್ತಿ ಕೂರಿಸಿ ಮೇಲೆ ಕ್ಯಾಪ್ಟಾನ್ ಟೇಪ್ ಹಾಕಿದೆ, ಕೇಬಲ್ಲಿಗೆ ಎಳೆತ ಬೀಳದಂತೆ ಮಡಿಕೆ ಕೊಟ್ಟೆ. ಎರಡು, ಕುಲುಕುವ ಕಾರಿನಲ್ಲಿ ಟಚ್ ಪರದೆಯ ವಾಲ್ಯೂಮ್ ಗೆರೆಗೆ ಬೆರಳು ಸರಿಯಾಗಿ ಕೂರುವುದೇ ಇಲ್ಲ, ಅದನ್ನು ನೋಡಲು ಹೋದರೆ ರಸ್ತೆ ಮೇಲಿನ ಕಣ್ಣು ತಪ್ಪುತ್ತದೆ. ‘ಹಳೇದ್ರಲ್ಲಿ ತಿರುಗಿಸೋ ಗುಬ್ಬಿ ಇತ್ತಲ್ಲೋ’ ಅಂತ ಅಪ್ಪ ಕೇಳಿದ್ದು ನ್ಯಾಯವೇ. ಅಕ್ರಿಲಿಕ್ ಚೌಕಟ್ಟಿನ ಬಲ ಅಂಚಿನಲ್ಲಿ 7 ಮಿ.ಮೀ. ತೂತು ಕೊರೆದು ರೋಟರಿ ಎನ್‌ಕೋಡರ್ ಹಾಕಿದೆ. 23 ಮತ್ತು 24ನೇ ಪಿನ್, ಲಿನಕ್ಸ್‌ನಲ್ಲೇ ಅದಕ್ಕೆ ಓವರ್‌ಲೇ ಇದೆ, ಬೇರೆ ಪ್ರೋಗ್ರಾಂ ಬೇಡ. ತಿರುಗಿಸಿದರೆ ವಾಲ್ಯೂಮ್, ಒತ್ತಿದರೆ 102.6. ಇನ್ನು ಉಳಿದಿರುವುದು ಎಸ್‌ಡಿ ಕಾರ್ಡಿನ ಎಕ್ಸ್‌ಟೆನ್ಷನ್ ಕೇಬಲ್ ಎಳೆದು ಕಾರ್ಡನ್ನು ಗ್ಲೋವ್ ಬಾಕ್ಸಿಗೆ ತರುವುದು. ಅದಾದರೆ ಪ್ರೋಗ್ರಾಂ ಬದಲಿಸಲು ಚೌಕಟ್ಟು ಬಿಚ್ಚಬೇಕಾಗಿಲ್ಲ.